ಅಟ್ಟದಿಂದ ಇಳಿದ ಆಯುಧ

ನಮ್ಮ ತೆಂಗಿನ ಸೀಮೆಯಲ್ಲಿ ಅಟ್ಟವೆಂಬುದು ಮನೆಯ ಭಂಡಾರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಬಲಿತ ಕಾಯಿಗಳನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುತ್ತಾರೆ. ಕಾಯಿಯೊಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುವವರೆಗೆ ಆ ಕತ್ತಲೆಗೆ ಯಾರೂ ಕೈ ಹಾಕುವುದಿಲ್ಲ. ಆದುದರಿಂದ ಮನೆಯವರು ಮರೆಯಬೇಕೆಂದುಕೊಂಡ ವಸ್ತುಗಳೂ ಮರೆಮಾಡಬೇಕೆಂದುಕೊಂಡ ವಸ್ತುಗಳೂ ಕೊನೆಗೆ ಸೇರುವುದು ಅಲ್ಲಿಯೇ.

ಕಳೆದ ಕಾರ್ತಿಕದಲ್ಲಿ ತುರುವೇಕೆರೆ ತಾಲ್ಲೂಕಿನ ಹಳ್ಳಿಯೊಂದರಿಂದ ನನ್ನ ದೊಡ್ಡಪ್ಪನ ಮಗಳು ಫೋನು ಮಾಡಿದಳು. ಭಾವನವರು ಮಾಘದಲ್ಲಿ, ಎಂಬತ್ತು ದಾಟಿದ ಮೇಲೆ, ಲಿಂಗೈಕ್ಯರಾಗಿದ್ದರು. ಅಟ್ಟದ ಕಾಯಿ ಇಳಿಸುವಾಗ ತಗಡಿನ ಪೆಟ್ಟಿಗೆಯೊಂದು ಕೈಗೆ ಸಿಕ್ಕಿತೆಂದೂ, ಅದರೊಳಗೆ ಮಾವನವರ ಕಾಲದ ರಿವಾಲ್ವರ್ ಇದೆಯೆಂದೂ ಹೇಳಿದಳು. "ತಮ್ಮಾ, ನೀನು ಹಳೆಯ ಓಲೆಗರಿಗಳನ್ನೆಲ್ಲ ಓದುತ್ತೀಯಲ್ಲ. ಇದರ ಮೇಲೂ ಸಣ್ಣಕ್ಷರದಲ್ಲಿ ಏನೇನೋ ಬರೆದಿದೆಯಂತೆ. ಬಂದು ಓದಿ ಹೇಳು. ಹುಡುಗರಿಬ್ಬರೂ ಮಾತು ಬಿಡುವ ಹಂತಕ್ಕೆ ಬಂದಿದ್ದಾರೆ" ಎಂದಳು. ಅವಳ ದನಿಯಲ್ಲಿದ್ದ ಆತಂಕ ಆಯುಧದ್ದಲ್ಲ, ಮಕ್ಕಳದ್ದು.

ಆ ಮನೆಯ ಹಿರಿಯರು ಪಟೇಲರಾಗಿದ್ದವರು. ೧೯೬೧ರ ಕಾಯಿದೆಯ ಪ್ರಕಾರ ೧೯೬೩ರಲ್ಲಿ ಪಟೇಲಿಕೆ, ಶಾನುಭೋಗಿಕೆಗಳು ರದ್ದಾದರೂ ಮನೆಗೆ "ಪಟೇಲರ ಮನೆ" ಎಂಬ ಹೆಸರು ಹೋಗಲಿಲ್ಲ. ಆ ಹೆಸರಿನೊಡನೆ ಒಂದು ಕಥೆಯೂ ಉಳಿದುಕೊಂಡಿತ್ತು. ಹಿಂದೆ ಒಬ್ಬ ಬಿಳಿಯ ದೊರೆ ಪಟೇಲರ ಧೈರ್ಯಕ್ಕೆ ಮೆಚ್ಚಿ ತನ್ನ ಸೊಂಟದ ರಿವಾಲ್ವರನ್ನೇ ಬಿಚ್ಚಿ ಬಹುಮಾನವಾಗಿ ಕೊಟ್ಟನೆಂಬುದು ಆ ಕಥೆ. ನಾನೂ ಬಾಲ್ಯದಿಂದ ಅದನ್ನು ಕೇಳಿದವನೇ.

ಈಗ ಬೆಂಗಳೂರಿನಲ್ಲಿರುವ ಹಿರಿಯ ಮಗ ಅದನ್ನು ಮಾರೋಣವೆನ್ನುತ್ತಿದ್ದ. ಯಾರೋ ದಲ್ಲಾಳಿ ಎರಡು ಲಕ್ಷ ರೂಪಾಯಿ ಕೊಡುವೆನೆಂದಿದ್ದನಂತೆ. "ಲೈಸೆನ್ಸಿನ ಪುಸ್ತಕ ಬೇಡ, ವಸ್ತು ಕೊಟ್ಟರೆ ಸಾಕು" ಎಂಬುದು ಅವನ ಮಾತು. ತೋಟ ನೋಡಿಕೊಳ್ಳುವ ಕಿರಿಯ ಮಗನಿಗೆ ಅದು ಮನೆತನದ ಗೌರವ; ಮಾರುವ ಮಾತೆತ್ತಿದರೆ ಅವನಿಗೆ ಸಿಟ್ಟು. ಒಬ್ಬನಿಗೆ ಅದು ಹಣವಾಗಿ ಕಂಡಿತ್ತು, ಇನ್ನೊಬ್ಬನಿಗೆ ಕೀರ್ತಿಯಾಗಿ. ಅದು ನಿಜವಾಗಿ ಏನೆಂಬುದನ್ನು ಮಾತ್ರ ಇಬ್ಬರೂ ನೋಡಿರಲಿಲ್ಲ.

ಶಾಸ್ತ್ರಗಳನ್ನು ಓದಿದ್ದೇನೆಯೇ ಹೊರತು ಶಸ್ತ್ರಗಳ ಪರಿಚಯ ನನಗಿಲ್ಲ. ಆದ್ದರಿಂದ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಆಯುಧಗಳ ದುರಸ್ತಿ ಮಾಡುವ ಆರ್ಮರರ್ ಆಗಿದ್ದು ನಿವೃತ್ತನಾದ ನನ್ನ ಹಳೆಯ ಶಿಷ್ಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋದೆ. ನಡುಮನೆಯಲ್ಲಿ ಚಾಪೆ ಹಾಸಿ ಆ ತಗಡಿನ ಪೆಟ್ಟಿಗೆಯನ್ನು ಇಟ್ಟಿದ್ದರು. ಹಿರಿಯ ಮಗ ರಿವಾಲ್ವರನ್ನು ಎತ್ತಿ ಕೊಡಲು ಬಂದಾಗ ಶಿಷ್ಯನು ತಡೆದು, "ಅಣ್ಣಾ, ಕೆಳಗಿಡಿ. ಎಲ್ಲರೂ ನನ್ನ ಬೆನ್ನ ಹಿಂದೆ ಬನ್ನಿ" ಎಂದ. "ಅಯ್ಯೋ, ಅದು ಖಾಲಿ ಇದೆ, ಕೆಟ್ಟೂ ಹೋಗಿದೆ. ನಾನೇ ನಿನ್ನೆ ಟ್ರಿಗರ್ ಎಳೆದು ನೋಡಿದೆ, ಅಲುಗಲೇ ಇಲ್ಲ" ಎಂದು ಅವನು ನಕ್ಕ.

ಶಿಷ್ಯನು ನಗಲಿಲ್ಲ. ನಳಿಗೆಯನ್ನು ಹಿತ್ತಿಲ ಗೋಡೆಯ ಕಡೆಗೆ ತಿರುಗಿಸಿ, ಎಡಭಾಗದ ಒತ್ತುಗುಂಡಿಯನ್ನು ಬಹಳ ಹೊತ್ತು ಒತ್ತಿ, ಗುಂಡು ತುಂಬುವ ಸಿಲಿಂಡರನ್ನು ಪಕ್ಕಕ್ಕೆ ಹೊರಳಿಸಿದ. ಆರು ಮನೆಗಳಲ್ಲಿಯೂ ಆರು ಗುಂಡುಗಳಿದ್ದವು.

ಆಗ ನಡುಮನೆಯಲ್ಲಿ ಬಿದ್ದ ಮೌನವನ್ನು ನಾನು ಮರೆಯಲಾರೆ. ಭಾವನವರು ಆ ಆಯುಧಕ್ಕೆ ವರ್ಷವರ್ಷವೂ ಕೊಬ್ಬರಿ ಎಣ್ಣೆ ಸವರುತ್ತಿದ್ದರಂತೆ. ಕಬ್ಬಿಣಕ್ಕೆ ಅದು ತಕ್ಕ ಎಣ್ಣೆಯಲ್ಲ. ಕಾಲಕ್ರಮದಲ್ಲಿ ಅಂಟಾಗಿ, ಮೇಣವಾಗಿ ಗಟ್ಟಿಕಟ್ಟುತ್ತದೆ. ಹಾಗೆ ಗಟ್ಟಿಕಟ್ಟಿದ ಎಣ್ಣೆಯೇ ಹಿಂದಿನ ದಿನ ಟ್ರಿಗರನ್ನು ತಡೆದು ಹಿಡಿದಿತ್ತು. ಅಕ್ಕ ಮೆಲ್ಲನೆ, "ಎರಡು ವರ್ಷದ ಹಿಂದೆ ತೋಟಕ್ಕೆ ಕಾಯಿ ಕಳ್ಳರು ಬಂದಿದ್ದರು. ಆ ರಾತ್ರಿ ಅವರು ಇದನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಆಮೇಲೆ ಹಾಗೆಯೇ ಎತ್ತಿಟ್ಟರೋ ಏನೋ" ಎಂದಳು. ಬಾಗಿಲ ಬಳಿ ಏಳು ವರ್ಷದ ಮೊಮ್ಮಗ ನಿಂತಿದ್ದ. ಹಿಂದಿನ ದಿನ ಕಳ್ಳ-ಪೊಲೀಸ್ ಆಟಕ್ಕೆ ಅದನ್ನು ಕೊಡಿರೆಂದು ಹಟ ಮಾಡಿದ್ದವನು ಅವನೇ.

ಗುಂಡುಗಳನ್ನು ತೆಗೆದಿಟ್ಟ ಮೇಲೆ ಶಿಷ್ಯನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೇಲಿನ ಅಂಟನ್ನು ಒರೆಸಿದ. ನಾನು ಓಲೆಗರಿ ಓದುವ ಭೂತಗನ್ನಡಿಯನ್ನು ತೆಗೆದೆ. ಮಠದಲ್ಲಿ ನಮಗೆ ಹಸ್ತಪ್ರತಿ ಓದುವುದನ್ನು ಕಲಿಸಿದ ಗುರುಗಳು ಮೊದಲ ದಿನವೇ ಒಂದು ಎಚ್ಚರಿಕೆ ಕೊಟ್ಟಿದ್ದರು. ಪ್ರತಿಯಲ್ಲಿ ಹೆಸರು ಕಂಡ ಕೂಡಲೇ ಹಿಗ್ಗಬೇಡಿ; ಅದು ಕವಿಯ ಹೆಸರೋ, ಬರೆದುಕೊಂಡವನ ಹೆಸರೋ, ಬರೆಯಿಸಿದವನ ಹೆಸರೋ ಮೊದಲು ತಿಳಿಯಿರಿ ಎಂದು. ಅಂದು ಆ ಕಬ್ಬಿಣದ ಮೇಲೆಯೂ ಮೂರು ಬಗೆಯ ಬರಹಗಳಿದ್ದವು.

ಮೊದಲನೆಯದು ನಳಿಗೆಯ ಮೇಲಿನದು. ಹಿರಿಯ ಮಗ ಅದರಲ್ಲಿ "ಸ್ಮಿತ್ ಅಂಡ್ ವೆಸನ್" ಎಂಬ ಹೆಸರನ್ನು ಓದಿ ಅಮೆರಿಕದ ಪ್ರಸಿದ್ಧ ಕಂಪನಿಯದೆಂದು ದಲ್ಲಾಳಿಗೆ ಹೇಳಿದ್ದ. ಪೂರ್ತಿ ಸಾಲನ್ನು ಓದಿದರೆ ಅದು ತಯಾರಕರ ಹೆಸರಲ್ಲ, ‘.೩೨ ಸ್ಮಿತ್ ಅಂಡ್ ವೆಸನ್ ಲಾಂಗ್’ ಎಂಬುದು ಅದರೊಳಗೆ ಹಾಕಬೇಕಾದ ಗುಂಡಿನ ಹೆಸರು. ಆ ಕಂಪನಿ ೧೮೯೬ರಲ್ಲಿ ಹೊರತಂದ ಈ ಬಗೆಯ ಗುಂಡಿಗೆ ಅನೇಕ ದೇಶಗಳವರು ರಿವಾಲ್ವರ್ ಮಾಡಿದರು. ಎಲ್ಲರೂ ನಳಿಗೆಯ ಮೇಲೆ ಗುಂಡಿನ ಹೆಸರನ್ನು ದೊಡ್ಡದಾಗಿ ಕೊರೆದರು. ಕೊಳ್ಳುವವನು ಅದನ್ನೇ ತಯಾರಕರ ಹೆಸರೆಂದು ಭಾವಿಸಿದರೆ ಅವರಿಗೆ ನಷ್ಟವೇನೂ ಇರಲಿಲ್ಲ.

ಎರಡನೆಯದು ಕಿರೀಟದ ಗುರುತು. ಕಿರಿಯ ಮಗ ಅದನ್ನು ತೋರಿಸಿ, "ನೋಡಿ ಮಾವಾ, ಬ್ರಿಟಿಷ್ ಸರ್ಕಾರದ ಕಿರೀಟ. ದೊರೆ ಕೊಟ್ಟದ್ದೇ ನಿಜ" ಎಂದ. ಶಿಷ್ಯನು ವಿವರಿಸಿದ: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ೧೮೧೩ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಸ್ಥಾಪನೆಯಾದ ಪರೀಕ್ಷಾಲಯವೊಂದಿದೆ. ಮಾರಾಟಕ್ಕೆ ಬರುವ ಬಂದೂಕುಗಳಲ್ಲಿ ಹೆಚ್ಚಿನ ಮದ್ದು ತುಂಬಿ ಹಾರಿಸಿ, ನಳಿಗೆ ಸಿಡಿಯದಿದ್ದರೆ ಮಾತ್ರ ಕಿರೀಟದ ಕೆಳಗೆ ಅಕ್ಷರಗಳಿರುವ ಮೊಹರನ್ನು ಒತ್ತುತ್ತಾರೆ. ಚಿನ್ನಕ್ಕೆ ಒರೆ ಹಚ್ಚಿದವನ ಮುದ್ರೆ ಇದ್ದ ಹಾಗೆ ಅದು; ಒಡವೆ ಮಾಡಿದ ಅಕ್ಕಸಾಲಿಗನ ಮುದ್ರೆಯಲ್ಲ. ಬ್ರಿಟಿಷ್ ಸೈನ್ಯದ ಆಸ್ತಿಯಾಗಿದ್ದರೆ ಅಗಲವಾದ ಬಾಣದ ಗುರುತು ಇರಬೇಕಿತ್ತು. ಇದರಲ್ಲಿ ಎಲ್ಲಿಯೂ ಅದು ಇರಲಿಲ್ಲ.

ಮೂರನೆಯ ಬರಹ ಕಿರೀಟದ ಪಕ್ಕದಲ್ಲಿಯೇ, ತುಕ್ಕು ಮತ್ತು ಎಣ್ಣೆಯ ಜಿಡ್ಡಿನ ಕೆಳಗೆ ಅಡಗಿತ್ತು. ಶಾಸನದ ಅಕ್ಷರಗಳಿಗೆ ತುಂಬುವಂತೆ ಸೀಮೆಸುಣ್ಣದ ಪುಡಿಯನ್ನು ತಿಕ್ಕಿದಾಗ ಮೂರು ಇಂಗ್ಲಿಷ್ ಪದಗಳು ಎದ್ದುಬಂದವು: ‘ನಾಟ್ ಇಂಗ್ಲಿಷ್ ಮೇಕ್’. ಇಂಗ್ಲೆಂಡಿನಲ್ಲಿ ಮಾಡಿದ್ದಲ್ಲ ಎಂದರ್ಥ. ಹೊರದೇಶದ ಬಂದೂಕು ಬ್ರಿಟನ್ನಿನಲ್ಲಿ ಪರೀಕ್ಷೆಗೆ ಬಂದರೆ ಈ ಮಾತನ್ನು ಅದರ ಮೇಲೆ ಕೊರೆಯಬೇಕೆಂದು ೧೯೨೫ರ ನಿಯಮ ವಿಧಿಸಿತ್ತು. ಚೌಕಟ್ಟಿನ ಅಡಿಯಲ್ಲಿ ಸ್ಪೇನ್ ದೇಶದ ಹೆಸರೂ ಮಸುಕಾಗಿ ಸಿಕ್ಕಿತು.

ಸ್ಪೇನಿನ ಉತ್ತರಕ್ಕೆ ಬಾಸ್ಕ್ ಸೀಮೆಯಲ್ಲಿ ಐಬಾರ್ ಎಂಬ ಸಣ್ಣ ಪಟ್ಟಣವಿದೆ. ನಮ್ಮಲ್ಲಿ ತಿಪಟೂರು ಕೊಬ್ಬರಿಗೆ ಹೇಗೋ ಅದು ಕೈಬಂದೂಕಿಗೆ ಹಾಗೆ ಹೆಸರಾಗಿತ್ತು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ಅನೇಕ ಕಾರ್ಖಾನೆಗಳು ಅಮೆರಿಕದ ರಿವಾಲ್ವರುಗಳ ಅಗ್ಗದ ನಕಲುಗಳನ್ನು ಮಾಡಿ ಲೋಕಕ್ಕೆಲ್ಲ ಮಾರಿದವು. ೧೯೩೬ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಹೊತ್ತಿತು. ೧೯೩೭ರ ಏಪ್ರಿಲಿನಲ್ಲಿ ಐಬಾರ್ ಹಾಳಾಯಿತು. ಆಮೇಲೆ ಬೆರಳೆಣಿಕೆಯ ಕಂಪನಿಗಳಿಗಷ್ಟೇ ಕೈಬಂದೂಕು ಮಾಡುವ ಅನುಮತಿ ಉಳಿಯಿತು. ಹಾಗಾದರೆ ಇದು ೧೯೨೫ಕ್ಕಿಂತ ಹಿಂದಿನದಲ್ಲ, ಬಹುಶಃ ೧೯೩೭ಕ್ಕಿಂತ ಈಚಿನದೂ ಅಲ್ಲ. ಕಾಲ ತಿಳಿಯದ ಹಸ್ತಪ್ರತಿಗೆ ಮೇಲಿನ ಗಡಿ, ಕೆಳಗಿನ ಗಡಿಗಳನ್ನು ಹುಡುಕುವ ಕ್ರಮವೇ ಇಲ್ಲಿಯೂ ಕೆಲಸಕ್ಕೆ ಬಂದಿತು.

ನಿಜವಾದ ಇಂಗ್ಲಿಷ್ ರಿವಾಲ್ವರನ್ನು ಗುರುತಿಸುವ ಬಗೆಯನ್ನೂ ಶಿಷ್ಯನು ಹುಡುಗರಿಗೆ ಹೇಳಿದ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿಯ ಹೆಸರಾಂತ ರಿವಾಲ್ವರುಗಳು ಹೀಗೆ ಪಕ್ಕಕ್ಕೆ ತೆರೆದುಕೊಳ್ಳುವುದಿಲ್ಲ. ಹಿಂದಿನ ಚಿಲಕವನ್ನು ಒತ್ತಿದರೆ ನಳಿಗೆಯೇ ಕೆಳಕ್ಕೆ ಮಡಚಿಕೊಂಡು, ಸುಟ್ಟ ಗುಂಡುಗಳು ತಾವಾಗಿ ಮೇಲೇಳುತ್ತವೆ. ೧೮೮೭ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಸೇರಿದ್ದು ಆ ಮಾದರಿ. ನಮ್ಮ ಕಾನ್ಪುರದ ಸರ್ಕಾರಿ ಕಾರ್ಖಾನೆಯ .೩೨ ರಿವಾಲ್ವರಿಗೂ ವೆಬ್ಲಿಯೇ ಮೂಲ ಮಾದರಿ. ದೇಹದ ಮೇಲಿನ ಅಂಕಿಯೂ ಸಿಲಿಂಡರಿನ ಮೇಲಿನ ಅಂಕಿಯೂ ಒಂದೇ ಆಗಿದ್ದರೆ ಭಾಗಗಳು ಬದಲಾಗಿಲ್ಲವೆಂದು ತಿಳಿಯಬಹುದು. ಹೊಸದಾಗಿ ಬಣ್ಣ ಕೊಟ್ಟು ಹೊಳೆಯಿಸಿದ್ದಕ್ಕಿಂತ ಮೊದಲ ಬಣ್ಣ ಮಾಸಿ ಉಳಿದದ್ದಕ್ಕೇ ತಿಳಿದವರಲ್ಲಿ ಬೆಲೆ ಹೆಚ್ಚು. ಇದರಲ್ಲಿ ಅಂಕಿಗಳು ಹೊಂದಿದವು. ಆದರೆ ಚರ್ಮದ ಚೀಲದಲ್ಲಿಯೇ ದಶಕಗಟ್ಟಲೆ ಇಟ್ಟದ್ದರಿಂದ ಚರ್ಮವು ಹೀರಿದ ತೇವ ಒಂದು ಮಗ್ಗುಲನ್ನು ಕುಳಿಕುಳಿಯಾಗಿ ತಿಂದುಹಾಕಿತ್ತು.

ಅಂಕಿಯ ಮಹತ್ವಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಒಂದು ದೃಷ್ಟಾಂತವಿದೆ. ೧೯೧೪ರ ಆಗಸ್ಟಿನಲ್ಲಿ ಕಲ್ಕತ್ತೆಯ ರಾಡಾ ಕಂಪನಿಗೆ ಬಂದ ಮಾಲಿನಲ್ಲಿ ೫೦ ಮೌಸರ್ ಪಿಸ್ತೂಲುಗಳನ್ನು ಕ್ರಾಂತಿಕಾರಿಗಳು ಅಪಹರಿಸಿದರು. ಪ್ರತಿಯೊಂದರ ಅಂಕಿಯೂ ಕಂಪನಿಯ ದಫ್ತರದಲ್ಲಿ ದಾಖಲಾಗಿತ್ತು. ಪಿಸ್ತೂಲು ಯಾವ ಊರಿನಲ್ಲಿ ಸಿಕ್ಕಿದರೂ ಅದು ಎಲ್ಲಿಂದ ಹೊರಟಿತೆಂಬುದನ್ನು ಆ ಅಂಕಿ ಹೇಳಬಲ್ಲುದಾಗಿತ್ತು.

ನಮ್ಮ ಆಯುಧದ ಅಂಕಿಯನ್ನು ಹಿಡಿದು ನಾವು ಪೆಟ್ಟಿಗೆಯ ತಳದ ಕಾಗದಗಳಿಗೆ ಕೈ ಹಾಕಿದೆವು. ಭಾವನವರ ಲೈಸೆನ್ಸು, ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಿ ಮರಳಿ ಪಡೆದ ರಸೀದಿಗಳು, ಎಲ್ಲದರ ಅಡಿಯಲ್ಲಿ ಅಮಲ್ದಾರರ ಮೊಹರಿದ್ದ ಹಿರಿಯ ಪಟೇಲರ ಹಳೆಯ ಪುಸ್ತಕ. ಅದರಲ್ಲಿ ೧೯೩೮ನೆಯ ಇಸವಿಯ ಒಂದು ನಮೂದು, ಅದೇ ಅಂಕಿ. ಅರಸೀಕೆರೆಯಲ್ಲಿದ್ದ ರೈಲ್ವೆ ಗಾರ್ಡ್ ಒಬ್ಬರಿಂದ, ಬಳಸಿದ್ದು, ನಲವತ್ತು ರೂಪಾಯಿಗೆ ಕ್ರಯಕ್ಕೆ ಪಡೆದದ್ದು. ಜೊತೆಗೆ ೫೦ ಗುಂಡುಗಳು.

ಗಾರ್ಡ್ ಆಂಗ್ಲೋ ಇಂಡಿಯನ್ ಆಗಿದ್ದರೆಂಬುದು ಹೆಸರಿನಿಂದ ತಿಳಿಯುತ್ತಿತ್ತು. ನಮ್ಮ ಕಥೆಯ ಬಿಳಿಯ ದೊರೆ ಇವರೇ. ಕೊಟ್ಟದ್ದು ಬಹುಮಾನವಲ್ಲ, ಮಾರಾಟ.

ಕಿರಿಯ ಮಗನ ಮುಖ ಬಾಡಿತು. ಆಗ ಅಕ್ಕ ಒಂದು ಮಾತನ್ನು ನೆನಪಿಸಿಕೊಂಡಳು. ಅವಳು ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಹೇಳಿದ್ದರಂತೆ: ತಿಪಟೂರಿಗೆ ಕೊಬ್ಬರಿ ಹಾಕಿ, ವರ್ಷದ ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ಗಾಡಿಯಲ್ಲಿ ಬರುತ್ತಿದ್ದಾಗ ದಾರಿಯಲ್ಲಿ ಯಾರೋ ಹಣವನ್ನು ಕಿತ್ತುಕೊಂಡು ಪಟೇಲರ ತಲೆ ಒಡೆದಿದ್ದರೆಂದು, ಆಳುಗಳ ಕೂಲಿ ಕೊಡಲು ಅತ್ತೆಯವರ ಬಳೆ ಅಡವು ಹೋಯಿತೆಂದು. ಮಾರನೆಯ ವರ್ಷ ಪಟೇಲರು ಇದನ್ನು ಕೊಂಡರು. ಧೈರ್ಯಕ್ಕೆ ಸಿಕ್ಕ ಬಹುಮಾನವೆಂದು ನಾವು ತಿಳಿದಿದ್ದದ್ದು ಹೆದರಿದ ಗೃಹಸ್ಥನೊಬ್ಬನ ಜೋಪಾನ.

ಶಿಷ್ಯನು ಪೆಟ್ಟಿಗೆಯಲ್ಲಿದ್ದ ರಟ್ಟಿನ ಡಬ್ಬಿಯನ್ನು ತೆರೆದು ಗುಂಡುಗಳನ್ನು ಎಣಿಸಿದ. ನಲವತ್ತನಾಲ್ಕು. ಸಿಲಿಂಡರಿನಿಂದ ತೆಗೆದವು ಆರು. ಪುಸ್ತಕಗಳಲ್ಲಿ ಮತ್ತೆ ಗುಂಡು ಕೊಂಡ ನಮೂದು ಒಂದೂ ಇರಲಿಲ್ಲ. ಎರಡು ತಲೆಮಾರು ಇದನ್ನು ಇಟ್ಟುಕೊಂಡಿತ್ತು, ಒಂದು ಗುಂಡನ್ನೂ ಹಾರಿಸಿರಲಿಲ್ಲ.

ಇನ್ನು ಬೆಲೆಯ ಮಾತು. "ಕಾಗದ ಬೇಡವೆನ್ನುವ ದಲ್ಲಾಳಿ ಎರಡು ಲಕ್ಷ ಏಕೆ ಕೊಡುತ್ತಾನೆ?" ಎಂದು ಹಿರಿಯ ಮಗ ಕೇಳಿದ. ಪ್ರಶ್ನೆ ಸರಿಯಾದುದೇ. ೧೯೮೦ರ ದಶಕದ ನಡುವಿನಿಂದ ಖಾಸಗಿ ಜನ ಹೊರದೇಶದ ಬಂದೂಕು ತರಿಸುವುದು ನಮ್ಮಲ್ಲಿ ನಿಂತುಹೋಯಿತು. ಹೀಗಾಗಿ ಮೊದಲೇ ದೇಶದೊಳಗಿದ್ದ, ದಾಖಲೆ ಸರಿಯಿರುವ ಒಳ್ಳೆಯ ವೆಬ್ಲಿಯಂಥವುಗಳಿಗೆ ಅವುಗಳ ತವರಿನಲ್ಲಿ ಇಲ್ಲದ ಬೆಲೆ ಇಲ್ಲಿ ಬಂದಿತು. ಕಾನ್ಪುರದಲ್ಲಿ ೨೦೧೪ರಲ್ಲಿ ಹೊರಬಂದ ‘ನಿರ್ಭೀಕ್’ ಎಂಬ ಹಗುರ ರಿವಾಲ್ವರಿಗೇ ಆಗ ಸುಮಾರು ೧.೨೨ ಲಕ್ಷ ರೂಪಾಯಿ ಆಗಿತ್ತು. ಆದರೆ ಆ ಬೆಲೆಯೆಲ್ಲ ಲೈಸೆನ್ಸುಳ್ಳವನು ಲೈಸೆನ್ಸುಳ್ಳವನಿಗೆ ಕೊಡುವಾಗಿನದು. ಸವೆದ ಸ್ಪೇನಿನ ನಕಲಿಗೆ, ಅದೂ ಪುಸ್ತಕ ಬೇಡವೆಂದು, ಎರಡು ಲಕ್ಷ ಕೊಡುವವನು ಕಬ್ಬಿಣವನ್ನು ಕೊಳ್ಳುತ್ತಿಲ್ಲ. "ಅಣ್ಣಾ, ಅವನು ಕೊಳ್ಳುವುದು ಗುರುತಿಲ್ಲದ ಆಯುಧವನ್ನು. ನಾಳೆ ಅದರಿಂದ ಎಲ್ಲಿಯಾದರೂ ಒಂದು ಹೆಣ ಬಿದ್ದರೆ ಈ ಅಂಕಿ ಹಿಡಿದು ಪೊಲೀಸರು ಬರುವುದು ನಿಮ್ಮ ತಾಯಿಯ ಬಾಗಿಲಿಗೆ" ಎಂದು ಶಿಷ್ಯನು ಹೇಳಿದ. ಹಿರಿಯ ಮಗ ಮತ್ತೆ ಆ ಮಾತೆತ್ತಲಿಲ್ಲ.

"ತೊಂಬತ್ತು ವರ್ಷದ ಹಳೆಯದು, ಪುರಾತನ ವಸ್ತುವೆಂದು ಲೈಸೆನ್ಸಿಲ್ಲದೆ ಇಟ್ಟುಕೊಳ್ಳಬಾರದೇ?" ಎಂದು ಕಿರಿಯ ಮಗ ಕೇಳಿದ. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ೪೫ನೆಯ ಕಲಮು ಹಳೆಯ ಕಾಲದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ, ನಿಜ. ಆದರೆ ರಿಪೇರಿ ಮಾಡಿದರೂ ಹಾರಿಸಲಾಗದಂಥದ್ದಾಗಿರಬೇಕು. ನಮ್ಮದಕ್ಕೆ ಬೇಕಾಗಿದ್ದದ್ದು ಒಂದು ಚಮಚ ಸೀಮೆಎಣ್ಣೆ ಮಾತ್ರ. ಬೋರಿನ ವಿಷಯದಲ್ಲಿ ಮಾತ್ರ ಅದೃಷ್ಟ ನಮ್ಮ ಕಡೆಗಿತ್ತು. ಸೈನ್ಯದ .೩೮೦ ಅಥವಾ .೪೫೫ ಗುಂಡು ಹಿಡಿಯುವ ರಿವಾಲ್ವರ್ ಆಗಿದ್ದರೆ ಅದು ಸಾಮಾನ್ಯರಿಗೆ ನಿಷಿದ್ಧವಾದ ವರ್ಗಕ್ಕೆ ಸೇರುತ್ತಿತ್ತು. .೩೨ ಆ ಸಾಲಿನಲ್ಲಿಲ್ಲ.

ಲೈಸೆನ್ಸುದಾರನು ತೀರಿಕೊಂಡ ಮೇಲೆ ಆಯುಧ ಮನೆಯಲ್ಲಿ ಉಳಿಯುವಂತಿಲ್ಲ. ಅನವಶ್ಯಕ ವಿಳಂಬವಿಲ್ಲದೆ ಠಾಣೆಯಲ್ಲಿ ಅಥವಾ ಲೈಸೆನ್ಸುಳ್ಳ ವ್ಯಾಪಾರಿಯ ಬಳಿ ಒಪ್ಪಿಸಿ ರಸೀದಿ ಪಡೆಯಬೇಕೆಂದು ಅದೇ ಕಾಯಿದೆಯ ೨೧ನೆಯ ಕಲಮು ಹೇಳುತ್ತದೆ. ಒಪ್ಪಿಸಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಗೊತ್ತುಪಡಿಸಿದ ಅವಧಿಯೊಳಗೆ ವಾರಸುದಾರನು ತನ್ನ ಹೆಸರಿಗೆ ಲೈಸೆನ್ಸು ಪಡೆದು ಬಿಡಿಸಿಕೊಳ್ಳಬಹುದು, ಅಥವಾ ಅರ್ಹನಾದವನಿಗೆ ಮಾರಿ ಹಣ ಪಡೆಯಬಹುದು. ೨೦೧೬ರ ನಿಯಮಗಳಲ್ಲಿ ಇನ್ನೊಂದು ಅನುಕೂಲವಿದೆ: ಎಪ್ಪತ್ತು ವರ್ಷವಾದ, ಅಥವಾ ಇಪ್ಪತ್ತೈದು ವರ್ಷ ಆಯುಧವನ್ನು ಹೊಂದಿದ್ದ ಲೈಸೆನ್ಸುದಾರನು ಬದುಕಿರುವಾಗಲೇ ವಾರಸುದಾರನ ಹೆಸರನ್ನು ಸೂಚಿಸಬಹುದು. ಭಾವನವರು ಅಷ್ಟು ಮಾಡಿದ್ದರೆ ಈ ತೊಡಕೇ ಇರುತ್ತಿರಲಿಲ್ಲ. ೨೦೧೯ರ ತಿದ್ದುಪಡಿಯ ಮೇಲೆ ಒಬ್ಬನಿಗೆ ಎರಡೇ ಬಂದೂಕು. ಕಿರಿಯ ಮಗನ ಹೆಸರಿನಲ್ಲಿ ಬೆಳೆ ಕಾಯುವ ಕೋವಿ ಒಂದಿದ್ದುದರಿಂದ ಇನ್ನೊಂದಕ್ಕೆ ಅವಕಾಶವಿತ್ತು.

ನಮ್ಮದೂ ಒಂದು ತಪ್ಪಾಯಿತು, ಅದನ್ನು ಮುಚ್ಚಿಡಲಾರೆ. ಪೆಟ್ಟಿಗೆ ಸಿಕ್ಕ ದಿನವೇ ಠಾಣೆಗೆ ತಿಳಿಸಬೇಕಿತ್ತು. ನಾವು ಕುತೂಹಲಕ್ಕೆ ಮೊದಲು ಓದಿದೆವು, ಆಮೇಲೆ ತಿಳಿಸಿದೆವು. ಅಂದು ಸಂಜೆಯೇ ವಕೀಲರೊಬ್ಬರನ್ನು ಕೇಳಿ, ನಡೆದದ್ದನ್ನು ನಡೆದ ಹಾಗೆ ಬರೆದು, ಮರಣ ಪತ್ರದ ಪ್ರತಿಯೊಡನೆ ಠಾಣೆಗೆ ಕಳುಹಿಸಿದೆವು. ಮಾರನೆಯ ದಿನ ಸಿಬ್ಬಂದಿ ಬಂದು ಆಯುಧವನ್ನೂ ಗುಂಡುಗಳನ್ನೂ ಎಣಿಸಿಕೊಂಡು ರಸೀದಿ ಕೊಟ್ಟರು.

ಅಕ್ಕ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು, "ಅದು ನನ್ನ ಅಟ್ಟಕ್ಕೆ ಮತ್ತೆ ಏರುವುದು ಬೇಡ" ಎಂದಷ್ಟೇ ಹೇಳಿದಳು. ಕಿರಿಯ ಮಗನೂ ಒಪ್ಪಿದ. ಅಗತ್ಯದ ಅನುಮತಿಗಳಾದ ಮೇಲೆ ಲೈಸೆನ್ಸುಳ್ಳ ವ್ಯಾಪಾರಿಯೊಬ್ಬರ ಮೂಲಕ ಅದು ಮಾರಾಟವಾಯಿತು. ಬಂದ ಹಣ ದಲ್ಲಾಳಿ ಹೇಳಿದ್ದರ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಅದರಲ್ಲಿ ಅಣ್ಣ ತಮ್ಮಂದಿರು ಗೆದ್ದಲು ಹತ್ತಿದ್ದ ಅಟ್ಟದ ಹಲಗೆಗಳನ್ನು ಬದಲಾಯಿಸಿದರು.

ಹಿರಿಯ ಪಟೇಲರ ಹಳೆಯ ಪುಸ್ತಕ ಮಾತ್ರ ಮನೆಯಲ್ಲಿದೆ. ಕಳೆದ ವಾರ ಹೋಗಿದ್ದಾಗ ಕಿರಿಯ ಮಗ ತನ್ನ ಅಣ್ಣನ ಹುಡುಗನಿಗೆ ಅದನ್ನು ತೋರಿಸಿ, ದಾರಿಯಲ್ಲಿ ಹಣ ಹೋದದ್ದನ್ನೂ, ಬಳೆ ಅಡವಿಟ್ಟದ್ದನ್ನೂ, ಐವತ್ತು ಗುಂಡು ಐವತ್ತಾಗಿಯೇ ಉಳಿದದ್ದನ್ನೂ ಹೇಳುತ್ತಿದ್ದ. ಬಿಳಿಯ ದೊರೆಯ ಮಾತು ಆ ಕಥೆಯಲ್ಲಿ ಬರಲಿಲ್ಲ.

ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ಪೆಟ್ಟಿಗೆಯಿದ್ದರೆ, ಆಯುಧವನ್ನು ಮುಟ್ಟುವುದಕ್ಕೆ ಮೊದಲು ಲೈಸೆನ್ಸಿನ ಪುಸ್ತಕವನ್ನು ತೆರೆಯಿರಿ. ಅದರಲ್ಲಿರುವ ಹೆಸರಿನವರು ಇಂದು ಇಲ್ಲವಾದರೆ ಅಂದೇ ಠಾಣೆಗೆ ತಿಳಿಸಿ. ಬೆಲೆಯ ವಿಚಾರ ಆಮೇಲೆ ನೋಡಿಕೊಳ್ಳಬಹುದು. ಖಾಲಿಯಿದೆಯೆಂದು ಯಾರು ಹೇಳಿದರೂ ನಂಬಬೇಡಿ.